ಹತ್ತಾರು ರೋಬೋಗಳು ಒಂದಕ್ಕೊಂದು ಗುದ್ದದ ಹಾಗೆ ದಾರಿ ಹಾಕೋದು ಹೇಗೆ

ಒಂದೇ ರೋಬೋ ಇದ್ರೆ ಕಷ್ಟ ಇಲ್ಲ, 1968ರಿಂದ ಇರೋ ಎ-ಸ್ಟಾರ್ ಅನ್ನೋ ದಾರಿ ಹುಡುಕೋ ಅಲ್ಗಾರಿದಮ್ ಹಾಕಿದ್ರೆ ದಾರಿ ಸಿಕ್ತು ಅಂತಾನೇ. ಎರಡನೇದು ಬಂದ ಕೂಡ್ಲೇ ಲೆಕ್ಕ ಬದಲಾಗತ್ತೆ. ಎಲ್ಲದಕ್ಕೂ ಒಟ್ಟಿಗೇ ಹುಡುಕೋಕೆ ಮಾತ್ರ ಹೋಗ್ಬೇಡಿ, ಯಾಕಂದ್ರೆ ಚೌಕಚೌಕದ ಮ್ಯಾಪ್‌ನಲ್ಲಿ ಒಂದೊಂದಕ್ಕೂ ನಾಲ್ಕು ದಿಕ್ಕು, ಜೊತೆಗೆ ಸುಮ್ನೆ ನಿಲ್ಲೋದು, ಒಟ್ಟು 5 ಆಯ್ಕೆ, ಹಾಗೆ 10 ರೋಬೋ ಇದ್ರೆ ಒಂದೇ ಹೆಜ್ಜೆಗೆ 97,65,625 ಸಾಧ್ಯತೆ ಆಗೋಗತ್ತೆ.

ಮೊದಲು ಮ್ಯಾಪ್‌ಗೆ ಟೈಮ್ ಸೇರಿಸಿ. ‘ಈ ಚೌಕ’ ಅನ್ನೋ ಬದಲು ‘ಈ ಚೌಕ, ಇಷ್ಟನೇ ಹೆಜ್ಜೆಲಿ’ ಅಂತ ಹುಡುಕ್ಬೇಕು, ನಿಲ್ಲೋದೂ ಒಂದು ಹೆಜ್ಜೆನೇ. ಆಮೇಲೆ ರೋಬೋಗಳನ್ನ ಸಾಲಾಗಿಟ್ಟು ಮೊದಲನೇದಕ್ಕೆ ದಾರಿ ಹುಡುಕಿ, ಅದು ಯಾವಾಗ ಎಲ್ಲಿರತ್ತೆ ಅಂತ ಒಂದು ಟೇಬಲ್‌ನಲ್ಲಿ ರಿಸರ್ವ್ ಮಾಡಿ, ಎರಡನೇದು ಆ ಜಾಗಗಳನ್ನ ತಪ್ಪಿಸ್ಕೊಂಡು ಹೋಗ್ಲಿ, ಹೀಗೇ ಮುಂದೆ. ನೂರಾರು ರೋಬೋ ಇದ್ರೂ ಇದು ಬೇಗ ಮುಗಿಯತ್ತೆ, ಹಾಗಾಗಿ ಶುರು ಮಾಡೋಕೆ ಇದೇ ಸರಿ ಅಂತ ನನ್ನ ಅಭಿಪ್ರಾಯ.

ಇಲ್ಲಿ ಎರಡು ಕಡೆ ಎಲ್ಲರೂ ಎಡವ್ತಾರೆ. ಒಂದು, ಒಂದೇ ಚೌಕದಲ್ಲಿ ಎರಡು ಬಂದ್ವಾ ಅಂತ ಮಾತ್ರ ನೋಡೋದು. ಎದುರುಬದುರು ನಿಂತ ಎರಡು ರೋಬೋ ಜಾಗ ಅದಲುಬದಲು ಮಾಡ್ಕೊಂಡ್ರೆ ಯಾವ ಹೆಜ್ಜೆಲೂ ಒಂದೇ ಚೌಕದಲ್ಲಿ ಇರಲ್ಲ, ಟೇಬಲ್ ಸರಿ ಅನ್ನತ್ತೆ, ನಿಜವಾಗಿ ಗುದ್ದಿರ್ತವೆ! ಅದಕ್ಕೇ ಚೌಕಗಳ ನಡುವಿನ ದಾರಿನೂ ರಿಸರ್ವ್ ಮಾಡಿ. ಇನ್ನೊಂದು, ಗುರಿ ಮುಟ್ಟಿದ ರೋಬೋ ಮಾಯ ಆಗಲ್ಲ, ಅಲ್ಲೇ ನಿಂತಿರತ್ತೆ, ಆ ಚೌಕ ಮುಂದಕ್ಕೆಲ್ಲಾ ಬುಕ್ ಆಗಿರ್ಬೇಕು.

ಈ ಸಾಲು ಪದ್ಧತಿ ಇಕ್ಕಟ್ಟು ಜಾಗದಲ್ಲಿ ಕೈ ಕೊಡತ್ತೆ, ಮುಂದಿನವನು ಹಿಂದಿನವನಿಗೋಸ್ಕರ ಸರಿಯೋದೇ ಇಲ್ಲ ನೋಡಿ. ಸಾಲನ್ನ ಕಲಸಿ ಮತ್ತೆ ಟ್ರೈ ಮಾಡಿ, ಆಗ್ಲಿಲ್ಲ ಅಂದ್ರೆ ಸಿಬಿಎಸ್‌ಗೆ (ಕಾನ್‌ಫ್ಲಿಕ್ಟ್-ಬೇಸ್ಡ್ ಸರ್ಚ್, ಅಂದ್ರೆ ಡಿಕ್ಕಿ ನೋಡ್ಕೊಂಡು ಹುಡುಕೋದು) ಬನ್ನಿ. 2012ರಲ್ಲಿ ಶರೋನ್, ಸ್ಟರ್ನ್, ಫೆಲ್ನರ್, ಸ್ಟರ್ಟೆವಂಟ್ ಕೊಟ್ಟ ವಿಧಾನ ಇದು, ನಂಗೆ ತುಂಬಾ ಇಷ್ಟ. ಎಲ್ಲದಕ್ಕೂ ಬೇರೆಬೇರೆಯಾಗಿ ದಾರಿ ಹುಡುಕ್ತೀರಿ, ಮೊದಲ ಡಿಕ್ಕಿ ಎಲ್ಲಿ ಅಂತ ನೋಡ್ತೀರಿ, ಅಲ್ಲಿ ಎರಡು ಕವಲು ಮಾಡ್ತೀರಿ: ಒಂದ್ರಲ್ಲಿ ಆ ಹೊತ್ತಿಗೆ ಆ ಚೌಕ ಇವನಿಗೆ ಇಲ್ಲ, ಇನ್ನೊಂದ್ರಲ್ಲಿ ಅವನಿಗೆ ಇಲ್ಲ, ನಿಷೇಧ ಬಿದ್ದವನಿಗೆ ಮಾತ್ರ ಮತ್ತೆ ದಾರಿ ಹುಡುಕಿ, ಒಟ್ಟು ಖರ್ಚು (ಎಲ್ಲಾ ರೋಬೋಗಳ ಹೆಜ್ಜೆ ಸೇರಿಸಿ) ಕಮ್ಮಿ ಇರೋ ಕವಲನ್ನೇ ಮುಂದೆ ಬಿಡಿಸ್ತಾ ಹೋಗೋದು. ಸಿಕ್ಕ ಉತ್ತರ ಅತಿ ಕಮ್ಮಿ ಖರ್ಚಿಂದೇ ಆಗಿರತ್ತೆ. ಆದ್ರೆ ರೋಬೋ ಜಾಸ್ತಿಯಾದ್ರೆ ಕವಲುಗಳೂ ವಿಪರೀತ ಆಗ್ತವೆ, ಉತ್ತರನೇ ಇಲ್ಲದ ಮ್ಯಾಪ್ ಕೊಟ್ರೆ ನಿಲ್ಲೋದೇ ಇಲ್ಲ, ಟೈಮ್‌ಔಟ್ ಇಡಿ.

ನಿಜವಾದ ಗಾಡಿ ಓಡಿಸೋವಾಗ ಗಡಿಯಾರ ನಂಬ್ಬೇಡಿ. ಒಂದು ಚಕ್ರ ಜಾರಿದ್ರೂ ಪ್ಲಾನ್ ಪೂರ್ತಿ ಹಿಂದೆ ಬೀಳತ್ತೆ. ಪ್ಲಾನ್‌ನಿಂದ ಸರದಿ ಮಾತ್ರ ತಗೊಳ್ಳಿ, ಈ ಚೌಕಕ್ಕೆ ಮೊದಲು ಯಾರು ಆಮೇಲೆ ಯಾರು ಅಂತ, ಮೊದಲನೇದು ‘ನಾನು ದಾಟಿದೆ’ ಅನ್ನೋವರೆಗೂ ಎರಡನೇದು ಕಾಯ್ಲಿ.

ಕೋಡ್ ಆದ್ಮೇಲೆ ಈ ಟೆಸ್ಟ್ ಮಾಡಿ: ಸಾಲಾಗಿ 5 ಚೌಕದ ಓಣಿ, 3ನೇ ಚೌಕದ ಪಕ್ಕ ಒಂದು ಚೌಕದ ಸಂದು, ಎರಡು ತುದಿಲಿ ಎರಡು ರೋಬೋ, ತುದಿ ಬದಲಾಯಿಸ್ಬೇಕು. ಸಾಲು ಪದ್ಧತಿ ಯಾರನ್ನ ಮೊದಲು ಬಿಟ್ರೂ ಫೇಲ್. ಸಿಬಿಎಸ್‌ನಲ್ಲಿ ಒಂದು ರೋಬೋ ಒಂದು ಹೆಜ್ಜೆ ಕಾಯತ್ತೆ, ಇನ್ನೊಂದು ಸಂದಿಗೆ ಸರಿಯತ್ತೆ, 5 ಮತ್ತು 6, ಒಟ್ಟು 11 ಹೆಜ್ಜೆ. ಅದಕ್ಕಿಂತ ಕಮ್ಮಿ ಬಂದ್ರೆ ಅದಲುಬದಲು ಚೆಕ್ ಮಾಡೋ ಕೋಡ್‌ನ ಮತ್ತೆ ಓದಿ.