ಅಟೆಸ್ಟೇಷನ್ ಫಾರಂ ತುಂಬುವ ಮುಂಚೆ ಊರಿಗೊಂದು ಫೋನ್ ಮಾಡಿ

ಆಗಸ್ಟ್ ತಿಂಗಳು. ಎಂಟು ದಿನದ ಮೇಲೆ ಮಳೆ ಸ್ವಲ್ಪ ಹೊಳವು ಕೊಟ್ಟಿತ್ತಂತೆ. ಹೊಸನಗರ ತಾಲೂಕಿನ ನಮ್ಮ ಮನೆಗೆ ಒಬ್ಬ ಪೊಲೀಸರು ಬಂದರು. ಬೈಕು ರಸ್ತೆಯಲ್ಲೇ ಬಿಟ್ಟು, ಸಂಕ ದಾಟಿ, ಕಾಲಿಗೆ ಹತ್ತಿದ ಇಂಬಳ ಕಿತ್ತುಕೊಳ್ಳುತ್ತಾ ಬಂದರೆ ಮನೆಯಲ್ಲಿ ಯಾರೂ ಇಲ್ಲ. ಅಪ್ಪಯ್ಯ ಪೇಟೆಗೆ ಹೋಗಿದ್ದರು, ಅಮ್ಮ ತೋಟದಲ್ಲಿದ್ದರು. ಮೇಲಿನ ಮನೆ ದೊಡ್ಡಪ್ಪ ಹೊಳವು ಸಿಕ್ಕಿತಲ್ಲ ಅಂತ ಅಡಿಕೆಗೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿದ್ದರು.

"ಈ ಹುಡುಗಿ ಇಲ್ಲೇ ಇರ್ತಾರಾ?"

"ಅವಳೆಲ್ಲಿ ಇಲ್ಲಿರ್ತಾಳೆ ಮಾರಾಯ್ರೆ! ಬೆಂಗಳೂರಲ್ಲಲ್ವಾ. ದೀಪಾವಳಿಗೆ ಒಂದ್ಸಲ ಬರ್ತಾಳೆ."

ದೊಡ್ಡಪ್ಪ ಹೇಳಿದ್ದು ಸತ್ಯ. ಆದರೆ ಹಿಂದಿನ ಐದು ವರ್ಷ ಎಲ್ಲೆಲ್ಲಿದ್ದಿರಿ ಅಂತ ಫಾರಂ ಕೇಳಿದ್ದಕ್ಕೆ ನಾನು ಐದೂ ವರ್ಷಕ್ಕೆ ಊರಿನ ವಿಳಾಸ ಒಂದನ್ನೇ ಬರೆದಿದ್ದೆ. ವರದಿ 'ಈ ವಿಳಾಸದಲ್ಲಿ ವಾಸವಿಲ್ಲ' ಅಂತ ಹೋಯಿತು. ಕೇಂದ್ರ ಸರ್ಕಾರದ ಕೆಲಸ, ಪರೀಕ್ಷೆ ಪಾಸಾಗಿ ಆರ್ಡರಿಗೆ ಕಾಯುತ್ತಾ ಕೂತಿದ್ದವಳು ಇನ್ನೂ ನಾಲ್ಕು ತಿಂಗಳು ಕಾದೆ. ತಪ್ಪು ಪೊಲೀಸರದ್ದೂ ಅಲ್ಲ, ದೊಡ್ಡಪ್ಪನದ್ದೂ ಅಲ್ಲ. ಪಿ.ಜಿ.ಯಲ್ಲಿ ರಾತ್ರಿ ಹನ್ನೊಂದಕ್ಕೆ ಅರ್ಧ ನಿದ್ದೆಯಲ್ಲಿ ಫಾರಂ ತುಂಬಿದ ನನ್ನದು.

ಕೇಂದ್ರದ ಕೆಲಸಕ್ಕೆ ಆಯ್ಕೆಯಾದ ಮೇಲೆ ಕೊಡುವ ಈ ಫಾರಂನ ಹೆಸರು ಅಟೆಸ್ಟೇಷನ್ ಫಾರಂ. ನಡತೆ ಮತ್ತು ಪೂರ್ವಾಪರ ಪರಿಶೀಲನೆ ಅಂತಾರಲ್ಲ, ಅದು ಶುರುವಾಗುವುದೇ ಇಲ್ಲಿಂದ. ಇಲಾಖೆ ಇದನ್ನು ಜಿಲ್ಲೆಗೆ ಕಳಿಸುತ್ತದೆ, ಅಲ್ಲಿಂದ ಠಾಣೆಗೆ ಬರುತ್ತದೆ. ನಾನು ಮೂರು ಪ್ರತಿ ಕೊಡಬೇಕಿತ್ತು. ಮೊದಲು ಒಂದು ಜೆರಾಕ್ಸ್ ಮೇಲೆ ಪೆನ್ಸಿಲ್‌ನಲ್ಲಿ ತುಂಬಿ, ಸರಿಯಿದೆ ಅನಿಸಿದ ಮೇಲೆ ಅಸಲಿಗೆ ಕೈಹಾಕಿ.

ವಿಳಾಸದಿಂದಲೇ ಹಿಡಿಯೋಣ. ಕಾಯಂ ವಿಳಾಸದ ಕಾಲಂ ಬೇರೆ, ಹಿಂದಿನ ಐದು ವರ್ಷದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಇದ್ದ ಜಾಗಗಳ ಕಾಲಂ ಬೇರೆ. ಎರಡನೆಯದರಲ್ಲಿ ಹಾಸ್ಟೆಲ್, ಪಿ.ಜಿ., ಶಿವಮೊಗ್ಗದಲ್ಲಿ ಅತ್ತೆ ಮನೆಯಲ್ಲಿದ್ದು ಓದಿದ್ದು ಎಲ್ಲವೂ ಬರಬೇಕು. ನಾನು ಬೆಂಗಳೂರಿನ ಪಿ.ಜಿ.ಯಲ್ಲಿ ಹದಿನಾಲ್ಕು ತಿಂಗಳಿದ್ದೆ. ಬಾಡಿಗೆ ಕರಾರು ಇಲ್ಲದ್ದೆಲ್ಲ ಲೆಕ್ಕಕ್ಕಿಲ್ಲ ಅಂತ ಸುಮ್ನೆ ಅಂದುಕೊಂಡಿದ್ದೆ. ಲೆಕ್ಕಕ್ಕಿದೆ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಅನ್ನುವುದು ನೆನಪಿಲ್ಲದಿದ್ದರೆ ಬಾಡಿಗೆ ಕಳಿಸಿದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿ.

ಮಲೆನಾಡಿನವರಿಗೆ ಇನ್ನೊಂದು ತಲೆನೋವಿದೆ. ನಮ್ಮ ಮನೆಗಳಿಗೆ ಬೀದಿ ಇಲ್ಲ, ಎಷ್ಟೋ ಕಡೆ ಓದುವ ಹಾಗೆ ನಂಬರೂ ಇಲ್ಲ. ಜನ ಕರೆಯುವ ಊರಿನ ಹೆಸರು ಒಂದು, ಪಹಣಿಯಲ್ಲಿರುವ ಗ್ರಾಮ ಇನ್ನೊಂದು, ಅಂಚೆ ಮತ್ತೊಂದು. ನಮ್ಮದು ನಗರ ಹೋಬಳಿ. ಫಾರಂ ನೋಡಿದ ಬೆಂಗಳೂರಿನವರೊಬ್ಬರು "ಯಾವ ನಗರ?" ಅಂತ ಕೇಳಿದರು. ಕೆಳದಿ ಅರಸರ ಬಿದನೂರು ಸಾರ್, 1763ರಲ್ಲಿ ಹೈದರಾಲಿ ಹಿಡಿದು ಹೈದರ್‌ನಗರ ಮಾಡಿದ್ದು, ಈಗ ಬರೀ ನಗರ ಅಂತ ವಿವರಿಸಿದೆ. ಅವರಿಗೆ ಅದು ಬೇಕಿರಲಿಲ್ಲ. ಅದಕ್ಕೇ ಮನೆ ಹೆಸರು, ಮಜರೆ, ಗ್ರಾಮ, ಅಂಚೆ, ಹೋಬಳಿ, ತಾಲೂಕು, ಪಿನ್ ಎಲ್ಲ ಬರೆಯಿರಿ. ಪೊಲೀಸ್ ಠಾಣೆಯ ಹೆಸರನ್ನು ಮಾತ್ರ ಊಹೆ ಮಾಡಬೇಡಿ. ಹೋಬಳಿಯ ಗಡಿ, ಠಾಣೆಯ ಸರಹದ್ದು ಒಂದೇ ಇರಬೇಕೆಂದಿಲ್ಲ. ಊರಿಗೆ ಬರುವ ಬೀಟ್ ಪೊಲೀಸರನ್ನೇ ಕೇಳಿದರೆ ಆಯಿತು.

ಈಗ ಎಲ್ಲರೂ ಹೆದರುವ ಪ್ರಶ್ನೆ. ಎಂದಾದರೂ ಬಂಧನವಾಗಿದೆಯೇ, ಕೇಸು ನಡೆದಿದೆಯೇ, ಕೋರ್ಟ್ ದಂಡ ಹಾಕಿದೆಯೇ, ಶಿಕ್ಷೆಯಾಗಿದೆಯೇ, ಪರೀಕ್ಷೆಯಿಂದ ಡಿಬಾರ್ ಆಗಿದ್ದೀರಾ, ಈಗ ಯಾವುದಾದರೂ ಕೇಸು ಬಾಕಿ ಇದೆಯೇ. ಇಲ್ಲಿ 'ಎಂದಾದರೂ' ಅನ್ನುವ ಪದದ ಮೇಲೆ ಬೆರಳಿಟ್ಟುಕೊಂಡು ಓದಿ. ಕೇಸು ಖುಲಾಸೆ ಆಗಿದೆ, ಆದ್ದರಿಂದ ಇಲ್ಲ ಅಂತ ಬರೆಯುತ್ತೇನೆ ಅನ್ನುವವರೇ ಸಿಕ್ಕಿಬೀಳುವುದು. ಖುಲಾಸೆ ಆದರೂ ಕೇಸು ನಡೆದದ್ದು ನಡೆದದ್ದೇ. ಸಾಕ್ಷ್ಯ ಇಲ್ಲ ಅಂತ ಪೊಲೀಸರೇ ಕೇಸು ಮುಚ್ಚಲು ಕೋರ್ಟಿಗೆ ಕೊಡುವ ಬಿ ರಿಪೋರ್ಟ್ ಆಗಿದ್ದರೂ ಎಫ್‌ಐಆರ್‌ನಲ್ಲಿ ಹೆಸರಿತ್ತು, ಬಿ ರಿಪೋರ್ಟ್ ಆಗಿದೆ ಅಂತ ಬರೆದುಬಿಡಿ.

ಮುಚ್ಚಳಿಕೆಯನ್ನಂತೂ ತುಂಬಾ ಜನ ಮರೆಯುತ್ತಾರೆ. ಚುನಾವಣೆ, ಗಣಪತಿ ಮೆರವಣಿಗೆ ಬಂತೆಂದರೆ ಕೆಲವು ಹುಡುಗರನ್ನು ಕರೆಸಿ ಶಾಂತಿ ಕಾಪಾಡುತ್ತೇನೆ ಅಂತ ಬರೆಸಿಕೊಳ್ಳುತ್ತಾರಲ್ಲ, ಅದೇ ಇದು: ಹಳೇ ಸಿಆರ್‌ಪಿಸಿಯ 107ನೇ ಕಲಂ, 2024ರ ಜುಲೈಯಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ. ಅದು ಶಿಕ್ಷೆಯಲ್ಲ, ನಿಜ. ಆದರೆ ಫಾರಂ ಅದನ್ನೂ ಕೇಳುತ್ತದೆ. ಟ್ರಾಫಿಕ್ ಪೊಲೀಸರಿಗೆ ರಸ್ತೆಯಲ್ಲೇ ಕಟ್ಟಿದ ಹೆಲ್ಮೆಟ್ ದಂಡ ಕೋರ್ಟ್ ದಂಡವಲ್ಲ. ಕುಡಿದು ಓಡಿಸಿ ಕೋರ್ಟಿಗೆ ಹೋಗಿ ಕಟ್ಟಿದ್ದು ಕೋರ್ಟ್ ದಂಡ.

ಶಿವಮೊಗ್ಗದಲ್ಲಿ ನನ್ನ ಜೊತೆ ಓದಿದ ಒಬ್ಬ ಹುಡುಗನ ಮೇಲೆ ರಸ್ತೆಯಲ್ಲಿ ಕೂತು ಘೋಷಣೆ ಕೂಗಿದ ಕೇಸಿತ್ತು. ಬರೆಯಲೋ ಬೇಡವೋ ಅಂತ ವಾರವಿಡೀ ಒದ್ದಾಡಿದ. ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2016ರಲ್ಲಿ ಕೊಟ್ಟ ತೀರ್ಪನ್ನು ಅವನಿಗೆ ಓದಿಸಿದೆ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಸಂಗತಿಯನ್ನು ಮುಚ್ಚಿಟ್ಟಿದ್ದರೂ ನೌಕರಿ ಕೊಡುವವರು ಅದನ್ನು ಬದಿಗಿಡಬಹುದು ಅಂತ ಅದರಲ್ಲಿದೆ. 'ಬಹುದು' ಅಷ್ಟೇ. ನಿಜ ಹೇಳಿದವರಿಗೂ ಕೆಲಸ ಕೊಡಲೇಬೇಕು ಅಂತಿಲ್ಲ, ಪೂರ್ವಾಪರ ನೋಡುವ ಹಕ್ಕು ಅವರದ್ದು. ಆದರೆ ಮುಚ್ಚಿಟ್ಟದ್ದು ಗೊತ್ತಾದರೆ ಕೆಲಸಕ್ಕೆ ಅನರ್ಹ ಅಂತ ಫಾರಂನ ತಲೆಯ ಮೇಲೇ ಅಚ್ಚಾಗಿದೆ. ಅವನು ಬರೆದ. ಬರೆದದ್ದು ಹೇಗೆ ಅನ್ನುವುದೂ ಮುಖ್ಯ. ಠಾಣೆ, ಎಫ್‌ಐಆರ್ ನಂಬರ್, ಕಲಂಗಳು, ಕೋರ್ಟು, ಕೋರ್ಟಿನಲ್ಲಿ ಕೇಸಿಗೆ ಕೊಟ್ಟ ಸಿಸಿ ನಂಬರ್, ಈಗ ಏನಾಗಿದೆ ಅನ್ನುವುದು, ಜೊತೆಗೆ ತೀರ್ಪಿನ ದೃಢೀಕೃತ ನಕಲು. ಯಾಕೆ ಕೂತೆ, ಯಾರು ಕರೆದರು ಅನ್ನುವ ಕಥೆ ಬೇಡ.

ನಿಮ್ಮ ಹೆಸರಲ್ಲಿ ಏನಾದರೂ ಇದೆಯೋ ಅಂತ ಗುಮಾನಿ ಇದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ಕೋರ್ಟು ಆರಿಸಿ ಹೆಸರು ಹಾಕಿ ಹುಡುಕಿ, ದುಡ್ಡು ಕೊಡಬೇಕಿಲ್ಲ. ನಮ್ಮ ಕಡೆ ಇದು ಮುಖ್ಯ, ಯಾಕೆಂದರೆ ಅಪ್ಪಂದಿರ ಮೇಲೆ ಅರಣ್ಯ ಒತ್ತುವರಿ ಕೇಸುಗಳಿವೆ. ಬೆಂಗಳೂರಿನ ಭೂಕಬಳಿಕೆ ವಿಶೇಷ ಕೋರ್ಟಿಗೆ ಅಲೆದ ಬಗರ್‌ಹುಕುಂ ರೈತರೂ ಮಲೆನಾಡಿನಲ್ಲಿದ್ದಾರೆ. ಆ ಕಾಲಂ ಕೇಳುವುದು ನಿಮ್ಮ ಬಗ್ಗೆ, ಅಪ್ಪನ ಬಗ್ಗೆ ಅಲ್ಲ. ಆದರೆ ಪಹಣಿ ಜಂಟಿಯಾಗಿದ್ದರೆ ನೋಟಿಸಿನಲ್ಲಿ ನಿಮ್ಮ ಹೆಸರೂ ಸೇರಿರಬಹುದು. ಮನೆಯ ಕಪಾಟಿನಲ್ಲಿರುವ ಕಾಗದ ತೆಗೆಸಿ ಓದಿಸಿ.

ಹೆಸರು, ಹುಟ್ಟಿದ ತಾರೀಖು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದಂತೆಯೇ ಇರಲಿ. ಓದಿನ ವಿವರ ಹದಿನೈದನೇ ವಯಸ್ಸಿನಿಂದ ಬೇಕು. ನಿಮ್ಮನ್ನು ಬಲ್ಲ ಇಬ್ಬರ ಹೆಸರನ್ನೂ ಕೇಳುತ್ತಾರೆ. ದೊಡ್ಡ ಮನುಷ್ಯರು ಬೇಡ, ಫೋನು ಹತ್ತುವ ಜಾಗದಲ್ಲಿರುವವರು ಬೇಕು. ನಾನು ಮೊದಲು ಬರೆದ ಮೇಷ್ಟ್ರ ಮನೆಯಲ್ಲಿ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಎರಡನೇ ಸಲ ಪೇಟೆಯ ಮೆಡಿಕಲ್ ಶಾಪಿನವರನ್ನು ಕೇಳಿ, ಅವರು ಹೂಂ ಅಂದ ಮೇಲೆ ಬರೆದೆ.

ಕೊನೆಗೆ ಊರಿಗೆ ಫೋನ್ ಮಾಡಿ. ಇಂಥ ಕೆಲಸಕ್ಕೆ ಪರಿಶೀಲನೆ ಬರುತ್ತದೆ, ನಾನು ಇಂಥ ಇಸವಿಯಿಂದ ಇಂಥ ಕಡೆ ಇದ್ದೇನೆ, ಕಾಯಂ ಮನೆ ಇದೇ ಅಂತ ಅಕ್ಕಪಕ್ಕದವರಿಗೂ ಗೊತ್ತಿರಲಿ. ಹೊಗಳಿ ಅಂತ ಹೇಳಿಕೊಡುವುದು ಬೇಡ. ಎರಡನೇ ಸಲ ನಾನು ಫೋನ್ ಮಾಡಿದಾಗ ದೊಡ್ಡಪ್ಪ, "ಭಾರೀ ಒಳ್ಳೆ ಹುಡುಗಿ, ದಿನಾ ದೇವಸ್ಥಾನಕ್ಕೆ ಹೋಗ್ತಾಳೆ ಅಂತ ಹೇಳ್ಲೇನೇ?" ಅಂದರು. ದಿನಾ ಹೋಗಬೇಕಾದರೆ ಊರಲ್ಲಿರಬೇಕಲ್ವಾ ದೊಡ್ಡಪ್ಪ ಅಂದೆ.

ಫಾರಂ ಕೊಟ್ಟ ಮೇಲೆ ಏನಾದರೂ ಕೇಸಾದರೆ ಅದನ್ನೂ ತಕ್ಷಣ ತಿಳಿಸಬೇಕು. ಸ್ವಯಂ ಘೋಷಣೆ ಪಡೆದು, ಪರಿಶೀಲನೆ ಮುಗಿಯುವ ಮುಂಚೆಯೇ ತಾತ್ಕಾಲಿಕ ಆರ್ಡರ್ ಕೊಡಲು 2016ರಿಂದ ಕೇಂದ್ರದ ಇಲಾಖೆಗಳಿಗೆ ಅವಕಾಶವಿದೆ, ಕೇಳಿ ನೋಡಿ. ನನಗೆ ಆ ಭಾಗ್ಯ ಇರಲಿಲ್ಲ. ತುಂಬಿದ ಫಾರಂನ ಫೋಟೋ ಫೋನಿನಲ್ಲಿರಲಿ, ಜೆರಾಕ್ಸ್ ಒಂದು ಮನೆಯಲ್ಲಿರಲಿ. ಪ್ಲಾಸ್ಟಿಕ್ ಕವರಿಗೆ ಹಾಕಿ ಅಡುಗೆಮನೆ ಅಟ್ಟದ ಮೇಲೆ ಇಡಲು ಹೇಳಿ. ಮಳೆಗಾಲದಲ್ಲಿ ಬೂಸ್ಟು ಹಿಡಿಯದ ಜಾಗ ನಮ್ಮ ಮನೆಗಳಲ್ಲಿ ಅದೊಂದೇ.