ಜೀನ್ಸ್ ಚಿಂದಿಯ ಕರಡಿ

ನನ್ನ ವಯಸ್ಸಿನವರ ಮುಂದೆ ಬೂಂಬಾ ಅಂದರೆ ಸಾಕು, ಮುಖ ಅರಳುತ್ತದೆ. 2006ರಲ್ಲಿ ಶುರುವಾದ ‘ಗಲ್ಲಿ ಗಲ್ಲಿ ಸಿಮ್ ಸಿಮ್’ ಅನ್ನುವ ಮಕ್ಕಳ ಟಿವಿ ಗೊಂಬೆ ಕಾರ್ಯಕ್ರಮದ ಸಿಂಹ ಅದು. ಹೆಸರಿಗೆ ಸಿಂಹ, ಆದರೆ ಮಾಂಸ ಮುಟ್ಟುವುದಿಲ್ಲ, ಭಾಂಗ್ಡಾ ಕುಣಿಯುತ್ತದೆ. ಜೊತೆಗೆ ಯೂನಿಫಾರ್ಮ್ ಹಾಕಿದ ಚಮ್ಕಿ, ನೀಲಿ ಮೈಯ ಗೂಗ್ಲಿ, ಸೀನಿದರೆ ಇನ್ನೆಲ್ಲಿಗೋ ಹೋಗಿಬಿಡುವ ಆಂಛೂ. ಕಾರ್ಟೂನ್ ನೆಟ್‌ವರ್ಕ್‌ನಲ್ಲೂ ಬರುತ್ತಿತ್ತು, ದೂರದರ್ಶನದಲ್ಲೂ ಬರುತ್ತಿತ್ತು. ಮಾತೆಲ್ಲ ಹಿಂದಿ. ಬಳ್ಳಾರಿಯ ಕೌಲ್ ಬಜಾರಿನ ಹುಡುಗರಿಗೆ ಅದು ತೊಂದರೆಯೇ ಅಲ್ಲ. ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕಲಸಿಕೊಂಡು ಮಾತಾಡುವವರು ನಾವು.

ಉಳಿದ ಗೊಂಬೆಗಳೆಲ್ಲ ಗೋಡೆಯ ಹಿಂದೋ ಮೇಜಿನ ಹಿಂದೋ ಇರುತ್ತಿದ್ದವು. ಸೊಂಟದ ಕೆಳಗೆ ಕಾಣುವುದೇ ಅಪರೂಪ. ಬೂಂಬಾ ಹಾಗಲ್ಲ, ಪೂರ್ತಿ ಮೈ ಹೊತ್ತು ನಡೆದಾಡುತ್ತಿತ್ತು. ಒಳಗೆ ಮನುಷ್ಯ ಇದ್ದಾನೆ ಅಂತ ಗೊತ್ತು, ಆದರೂ ಅದು ತಲೆ ತಿರುಗಿಸಿ ಚಮ್ಕಿಯನ್ನು ನೋಡಿದಾಗ ಆ ಮನುಷ್ಯ ಮರೆತೇ ಹೋಗುತ್ತಿದ್ದ.

ದೊಡ್ಡವನಾದ ಮೇಲೆ ಮೊಬೈಲಿನಲ್ಲಿ ಅವನ್ನೆಲ್ಲ ಮತ್ತೆ ನೋಡಿದೆ. ನಿಜ ಹೇಳಬೇಕಂದ್ರೆ ಕಥೆ ಏನೂ ಇಲ್ಲ. ಅಕ್ಷರ, ಅಂಕಿ, ಕೈ ತೊಳೆಯೋದು, ಹಂಚಿಕೊಂಡು ತಿನ್ನೋದು. ನಗೆ ಹನಿಗಳೂ ಸಾಧಾರಣ. ಆದರೆ ಆ ತಲೆ ತಿರುಗುವ ರೀತಿ ಮಾತ್ರ ಇವತ್ತಿಗೂ ಹಿಡಿದು ಕೂರಿಸುತ್ತದೆ. ನಾನು ಇಷ್ಟು ವರ್ಷ ನೆನೆಸಿಕೊಳ್ಳುತ್ತಿದ್ದದ್ದು ಕಾರ್ಯಕ್ರಮವನ್ನಲ್ಲ, ಆ ಚಲನೆಯನ್ನು. ಹಾಗಾಗಿ ಪಕ್ಕದ ಶಾಲೆಯವರು ನವೆಂಬರ್ 14ರ ಮಕ್ಕಳ ದಿನಕ್ಕೆ ಏನಾದರೂ ಮಾಡಿಕೊಡಿ ಅಂದಾಗ ಬೂಂಬಾನ ನಕಲು ಹೊಲಿಯುವ ಯೋಚನೆ ಬರಲಿಲ್ಲ. ಪ್ರಾಣಿ ನಮ್ಮೂರಿನದಿರಲಿ, ಚಲನೆ ಮಾತ್ರ ಅಲ್ಲಿಂದ ತರೋಣ ಅಂದುಕೊಂಡೆ.

ನಾನು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಡುವವನು. ಬಳ್ಳಾರಿಯಲ್ಲಿ ಜೀನ್ಸ್ ಚಿಂದಿಗೆ ಬರ ಇಲ್ಲ. ಕಪ್ಪು ಜೀನ್ಸ್ ತುಂಡುಗಳು ಮೂಟೆಗಟ್ಟಲೆ ಬಿದ್ದಿದ್ದವು. ಕಪ್ಪು ಅಂದ ಮೇಲೆ ಕರಡಿಯೇ ಆಗಬೇಕಲ್ವಾ? ದರೋಜಿ ನಮಗೆ ದೂರವೇನಲ್ಲ. 1994ರಲ್ಲಿ ಕರಡಿಧಾಮ ಆಯಿತು. ಮಧ್ಯಾಹ್ನ ಅಲ್ಲಿನ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿಯುತ್ತಾರೆ, ಕರಡಿಗಳು ಬಂದು ನೆಕ್ಕುತ್ತವೆ. ವೀಕ್ಷಣಾ ಗೋಪುರದಿಂದ ನೋಡಿದವರಿಗೆ ಆ ನಡಿಗೆ ಗೊತ್ತಿರುತ್ತದೆ: ತಲೆ ತಗ್ಗಿಸಿ, ಮೈ ಆ ಕಡೆ ಈ ಕಡೆ ವಾಲಿಸಿಕೊಂಡು, ಯಾರ ಹಂಗೂ ಇಲ್ಲದ ಹಾಗೆ. ಬಿಳಿಚಿದ ಉದ್ದ ಮೂತಿ, ಎದೆ ಮೇಲೆ ಬಿಳಿ ಪಟ್ಟೆ. ಮೂತಿ ಉದ್ದ ಇದ್ದರೆ ಬಾಯಿ ಆಡುವುದು ದೂರಕ್ಕೂ ಕಾಣುತ್ತದೆ. ನನಗೆ ಅದೇ ಬೇಕಿತ್ತು.

ಹೊಲಿಯುವ ಮೊದಲು ‘ಸೆಸಮೀ ಸ್ಟ್ರೀಟ್’ನ ಬಿಗ್ ಬರ್ಡ್ ಬಗ್ಗೆ ಸಿಕ್ಕಿದ್ದನ್ನೆಲ್ಲ ನೋಡಿದೆ. ನಮ್ಮ ‘ಗಲ್ಲಿ ಗಲ್ಲಿ’ಯ ಮೂಲ ಅಮೆರಿಕದ ಆ ಕಾರ್ಯಕ್ರಮವೇ. 1969ರಿಂದ ದಶಕಗಳ ಕಾಲ ಆ ಹಳದಿ ಹಕ್ಕಿಯ ಒಳಗಿದ್ದವರು ಕ್ಯಾರಲ್ ಸ್ಪಿನ್ನಿ. ಎತ್ತರ ಎಂಟು ಅಡಿ ದಾಟುತ್ತದೆ. ಅವರು ಬಲಗೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿದಿರುತ್ತಿದ್ದರು, ಆ ಕೈಯೇ ಹಕ್ಕಿಯ ಕತ್ತು ಮತ್ತು ಬಾಯಿ. ರೆಪ್ಪೆ ಆಡಿಸುವುದು ಕಿರುಬೆರಳು. ಎಡಗೈ ಎಡ ರೆಕ್ಕೆಯೊಳಗೆ. ಬಲ ರೆಕ್ಕೆಯೊಳಗೆ ಕೈ ಇಲ್ಲ, ಅದನ್ನು ಮೀನು ಹಿಡಿಯುವ ದಾರದಿಂದ ಎಡಗೈಗೆ ಕಟ್ಟಿರುತ್ತಿದ್ದರು. ಒಳಗಿಂದ ಹೊರಗೆ ಏನೂ ಕಾಣಲ್ಲ. ಎದೆಗೆ ಕಟ್ಟಿಕೊಂಡ ಪುಟ್ಟ ಟಿವಿಯಲ್ಲಿ ತಮ್ಮನ್ನು ತಾವೇ ನೋಡಿಕೊಂಡು ನಡೆಯಬೇಕು. 1983ರಲ್ಲಿ ಈ ಹಕ್ಕಿಯನ್ನು ಚೀನಾಕ್ಕೆ ಕರೆದುಕೊಂಡು ಹೋಗಿ ಒಂದು ವಿಶೇಷ ಕಾರ್ಯಕ್ರಮವನ್ನೇ ಮಾಡಿದರು. ಜೊತೆಯಲ್ಲಿ ಬಾರ್ಕ್ಲಿ ಅನ್ನುವ ನಾಯಿ, ಅದರೊಳಗೂ ಮನುಷ್ಯ. ಆ ಅವತಾರದಲ್ಲಿ ಮಹಾಗೋಡೆಯ ಮೇಲೆ ಓಡಾಡೋದು ಅಂದರೆ ಸುಮ್ನೆ ಮಾತಲ್ಲ.

ನನ್ನ ಹತ್ತಿರ ಅಂಥ ಪುಟ್ಟ ಟಿವಿ ಇಲ್ಲ, ಅಷ್ಟು ಗಟ್ಟಿ ಕೈಯವರೂ ಇಲ್ಲ. ಆದ್ದರಿಂದ ಕರಡಿಯ ತಲೆಯನ್ನು ಹಾಕಿಕೊಳ್ಳುವವನ ತಲೆಯ ಮೇಲೆಯೇ ಕೂರಿಸಿದೆ. ಗಣಿಯಲ್ಲಿ ಹಾಕುವ ಹೆಲ್ಮೆಟ್ಟಿನ ಒಳಗಿನ ಪಟ್ಟಿ ಬಿಚ್ಚಿಕೊಂಡು, ಅದರ ಸುತ್ತ ಸ್ಪಾಂಜ್ ಕಟ್ಟಿದೆ. ಹಾಸಿಗೆ ಅಂಗಡಿಯ ಸ್ಪಾಂಜೇ ಸಾಕು, ಒಂದಿಂಚು ದಪ್ಪದ್ದು. ಅಂಟಿಸಲು ಸೋಫಾ ಕೆಲಸದವರು ಬಳಸುವ ರಬ್ಬರ್ ಅಂಟು. ಎರಡೂ ಕಡೆ ಬಳಿದು, ಬೆರಳಿಗೆ ಅಂಟದಷ್ಟು ಒಣಗಿಸಿ, ಆಮೇಲೆ ಒತ್ತಬೇಕು. ಒತ್ತಿದ ಮೇಲೆ ಸರಿಸೋದಕ್ಕೆ ಆಗಲ್ಲ, ಗುರುತು ಹಾಕಿಕೊಂಡೇ ಕೂಡಿಸಿ. ಕೆಳದವಡೆ ಬೇರೆ ತುಂಡು. ಅದನ್ನು ಪ್ಯಾಂಟಿನ ಸೊಂಟದ ಪಟ್ಟಿಯಿಂದ ತಲೆಗೆ ಹೊಲಿದು, ಕೆಳಗಿಂದ ಒಂದು ಇಲಾಸ್ಟಿಕ್ ತಂದು ಒಳಗಿರುವವನ ಗದ್ದಕ್ಕೆ ಸಿಕ್ಕಿಸಿದೆ. ಅವನು ಬಾಯಿ ತೆರೆದರೆ ಕರಡಿಯೂ ತೆರೆಯುತ್ತದೆ.

ಇನ್ನು ಕೂದಲು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೋಡಿದವರೆಲ್ಲ ಕೇಳಿದ್ದು ಇದನ್ನೇ. ಜೀನ್ಸ್ ಬಟ್ಟೆಯಲ್ಲಿ ಬಣ್ಣ ಇರುವುದು ಹಾಸಿನ ಎಳೆಗೆ, ಅಂದರೆ ಥಾನಿನ ಉದ್ದಕ್ಕೆ ಓಡುವ ಎಳೆಗೆ. ಅಡ್ಡಕ್ಕೆ ಓಡುವ ಹೊಕ್ಕಿನ ಎಳೆ ಬಿಳಿ. ಅದಕ್ಕೇ ಬಟ್ಟೆಯ ಹಿಂಬದಿ ಬಿಳಿಚಾಗಿ ಕಾಣೋದು. ಬಟ್ಟೆಯನ್ನು ಅಡ್ಡಕ್ಕೆ ಪಟ್ಟಿಯಾಗಿ ಕತ್ತರಿಸಿ, ಅಂಚಿನಿಂದ ಬಿಳಿ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ. ಉಳಿಯುವುದು ಕಪ್ಪು ಕುಚ್ಚು, ಥೇಟ್ ಕರಡಿಯ ಕೂದಲು. ಉದ್ದಕ್ಕೆ ಕತ್ತರಿಸಿ ಕಪ್ಪು ಎಳೆ ತೆಗೆದರೆ ಬಿಳಿ ಕುಚ್ಚು ಉಳಿಯುತ್ತದೆ. ಎದೆಯ ಪಟ್ಟೆಗೆ ಅದನ್ನೇ ಹಾಕಿದೆ. ಬೇರೆ ಬಟ್ಟೆ ಕೊಳ್ಳಲೇ ಇಲ್ಲ. ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಹೊಲಿಯುತ್ತಾ ಹೋಗಬೇಕು, ಮೇಲಿನ ಸಾಲು ಕೆಳಗಿನ ಹೊಲಿಗೆಯನ್ನು ಮುಚ್ಚುತ್ತದೆ. ಒಳಗಿನ ಮೈಗೆ ಸೊಳ್ಳೆ ಪರದೆಯ ಬಟ್ಟೆ ಸಾಕು. ಒಳಗೂ ಜೀನ್ಸ್ ಹಾಕಿದರೆ ಹೊತ್ತವನ ಬೆನ್ನು ಮುರಿಯುತ್ತದೆ. ಎಳೆ ತೆಗೆಯುವ ಕೆಲಸಕ್ಕೆ ಮನೆಯವರು, ಅಕ್ಕಪಕ್ಕದವರು ಎಲ್ಲ ಕೂತರು. ಟಿವಿ ನೋಡುತ್ತಾ ಮಾಡುವ ಕೆಲಸ ಅದು. ಎಲ್ಲರ ಬೆರಳೂ ಕಪ್ಪಾದವು.

ಕಣ್ಣಿಗೆ ಪಿಂಗ್‌ಪಾಂಗ್ ಚೆಂಡು. ಕೆರ್ಮಿಟ್ ಅನ್ನುವ ಕಪ್ಪೆಗೊಂಬೆಯನ್ನು ಅಮೆರಿಕದ ಗೊಂಬೆಯಾಟದ ಜಿಮ್ ಹೆನ್ಸನ್ 1955ರಲ್ಲಿ ಮೊದಲ ಸಲ ಮಾಡಿದ್ದೂ ಹೀಗೇ, ಅಮ್ಮನ ಹಳೇ ಕೋಟು ಕತ್ತರಿಸಿ, ಚೆಂಡನ್ನು ಎರಡು ಹೋಳು ಮಾಡಿ. ಕಣ್ಣಿನ ಕಪ್ಪು ಬೊಟ್ಟನ್ನು ನಟ್ಟ ನಡುವೆ ಇಟ್ಟರೆ ಗೊಂಬೆ ಗರ ಬಡಿದ ಹಾಗೆ ಕಾಣುತ್ತದೆ. ಎರಡನ್ನೂ ಒಂದು ನೂಲಿನಷ್ಟು ಮೂಗಿನ ಕಡೆ ಸರಿಸಿ. ಆಗ ಅದು ಎದುರಿಗಿರುವವರನ್ನು ನೋಡಲು ಶುರುಮಾಡುತ್ತದೆ. ಅಂಟಿಸುವ ಮುಂಚೆ ಗುಂಡುಸೂಜಿ ಚುಚ್ಚಿ, ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಹತ್ತಿರದಿಂದ ಚೆಂದ ಕಂಡದ್ದು ದೂರಕ್ಕೆ ಮೆಳ್ಳಗಣ್ಣು ಆಗಿರುತ್ತದೆ. ಉಳಿದ ವೇಷ ಎಷ್ಟೇ ಒರಟಾಗಿರಲಿ, ಕಣ್ಣು ಸರಿ ಇದ್ದರೆ ಮಕ್ಕಳು ಒಪ್ಪಿಕೊಳ್ಳುತ್ತಾರೆ ಅನ್ನೋದು ನನ್ನ ಲೆಕ್ಕ.

ಒಳಗೆ ಹೋಗಲು ಒಪ್ಪಿದವನು ನಮ್ಮ ಯೂನಿಟ್ಟಿನ ಹೆಲ್ಪರ್ ಹುಡುಗ. ಅವರ ಮನೆಯಲ್ಲಿ ಬಯಲಾಟದ ವೇಷ ಹಾಕುವವರಿದ್ದಾರೆ, ಭಾರ ಹೊತ್ತು ಕುಣಿಯೋದು ಅವನಿಗೆ ಹೊಸದಲ್ಲ. ಅವನ ಚಿಂತೆ ಬೇರೆ. “ಮಾಸ್ತರೇ, ಕುಣಿಯೋದು ಕುಣೀತೀನಿ. ಕಾಲಾಗ ಮಕ್ಕಳು ಸಿಕ್ಕರೆ ಹೆಂಗ ಗೊತ್ತಾಗ್ಬೇಕು ನನಗ?” ಅಂದ. ಸರಿಯಾದ ಮಾತು. ಅವನಿಗೆ ಕಾಣೋದು ಕರಡಿಯ ಬಾಯೊಳಗಿನ ಕಪ್ಪು ಬಲೆಯಿಂದ ಮಾತ್ರ. ಪಕ್ಕದಲ್ಲಿ ಒಬ್ಬರು ಕೈ ಹಿಡಿದೇ ಇರಬೇಕು ಅಂತ ಮಾಡಿದೆವು. ಕೈ ಒತ್ತಿದರೆ ನಿಲ್ಲಬೇಕು, ಎಳೆದರೆ ತಿರುಗಬೇಕು. ತಿರುಗುವಾಗ ಮೊದಲು ತಲೆ, ಆಮೇಲೆ ಭುಜ, ಕೊನೆಗೆ ಕಾಲು. ಬೂಂಬಾನ ಗುಟ್ಟು ಇದೇ ಅಂತ ನನ್ನ ನಂಬಿಕೆ. ಮೂರೂ ಒಟ್ಟಿಗೆ ತಿರುಗಿದರೆ ಅಲ್ಲಿ ಕಾಣೋದು ವೇಷ ಹಾಕಿದ ಮನುಷ್ಯ ಅಷ್ಟೇ.

ಮಾತಿನ ವಿಷಯಕ್ಕೆ ನಾನು ತೊಗಲುಗೊಂಬೆಯವರ ದಾರಿ ಹಿಡಿದೆ. ನಮ್ಮ ಕಡೆ ಆ ಆಟ ನೋಡದೆ ಬೆಳೆದವರು ಕಡಿಮೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಕಥೆಯನ್ನೂ ತೊಗಲುಗೊಂಬೆಯಲ್ಲಿ ಆಡಿಸಿದವರು. 2023ರಲ್ಲಿ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಪರದೆಯ ಹಿಂದೆ ಕೂತು ಗೊಂಬೆಗೆ ದನಿ ಕೊಡೋದು ನಮಗೇನು ಹೊಸದೇ? ಸ್ಪಾಂಜಿನೊಳಗಿಂದ ಕೂಗಿದರೆ ಹೊರಗೆ ಬರೀ ಗೊಣಗಾಟ ಕೇಳುತ್ತದೆ. ಹಾಗಾಗಿ ಮೈಕ್ ಹಿಡಿದು ಪರದೆಯ ಮರೆಯಲ್ಲಿ ನಾನು ಕೂತೆ. ಅವನು ಒಳಗೆ ಅದೇ ಮಾತಿಗೆ ಬಾಯಿ ಆಡಿಸುತ್ತಿದ್ದ.

ಆ ದಿನ ಕರಡಿ ಬಂದ ಕೂಡಲೇ ಮುಂದಿನ ಸಾಲಿನ ಚಿಕ್ಕವರು ಇಬ್ಬರು ಅತ್ತರು, ಅದು ಇದ್ದದ್ದೇ. ಕರಡಿಯನ್ನು ನೆಲಕ್ಕೆ ಕೂರಿಸಿ ತಲೆ ತಗ್ಗಿಸಲು ಹೇಳಿದ್ದೆ. ಎತ್ತರ ಇಳಿದರೆ ಹೆದರಿಕೆಯೂ ಇಳಿಯುತ್ತದೆ. ಒಬ್ಬ ಹುಡುಗಿ ಹತ್ತಿರ ಬಂದು ಮೂತಿ ಮುಟ್ಟಿ, “ದರೋಜಿಯಿಂದ ಬಸ್ಸಿನಾಗ ಬಂದ್ಯಾ?” ಅಂತ ಕೇಳಿದಳು.

“ಬಸ್ಸಿನಾಗ ಹೆಂಗ ಬರ್ಲವ್ವಾ, ಕಂಡಕ್ಟರ್ ಎರಡು ಟಿಕೆಟ್ ತಗೋ ಅಂತಾನ” ಅಂದೆ ಮೈಕಿನಲ್ಲಿ. ಅವಳು ಸ್ಪೀಕರ್ ಕಡೆ ತಿರುಗಲೇ ಇಲ್ಲ. ಕರಡಿಯ ಕಣ್ಣನ್ನೇ ನೋಡುತ್ತಾ, “ಹಂಗಾದ್ರ ಬೆಲ್ಲ ತಿಂತೀಯಾ?” ಅಂದಳು. ಬೆಲ್ಲ ತಂದಿದ್ದಳೋ ಇಲ್ಲವೋ ಗೊತ್ತಿಲ್ಲ, ಕೈಯಂತೂ ಮುಚ್ಚಿಕೊಂಡಿತ್ತು.

ಸೆಖೆಯ ಬಗ್ಗೆ ಹೇಳದಿದ್ದರೆ ಇದು ಬಳ್ಳಾರಿಯವನು ಬರೆದದ್ದು ಅನ್ನಿಸಲ್ಲ. ನವೆಂಬರಿನಲ್ಲೂ ಒಳಗಿದ್ದವನ ಬನಿಯನ್ ಹಿಂಡುವ ಹಾಗಾಗಿತ್ತು. ತಲೆಯೊಳಗೆ ಸಣ್ಣ ಬ್ಯಾಟರಿ ಫ್ಯಾನ್ ಇಟ್ಟಿದ್ದೆ, ಗಾಳಿಗಿಂತ ಧೈರ್ಯಕ್ಕೆ ಜಾಸ್ತಿ ಆಯಿತು. ಹತ್ತಿ ಬನಿಯನ್ ಹಾಕಿಸಿ, ಒಳಗೆ ಹೋಗುವ ಮುಂಚೆ ನೀರು ಮಜ್ಜಿಗೆ ಕುಡಿಸಿ, ಕಾಲು ಗಂಟೆಗೆ ತಲೆ ತೆಗೆಸಿಬಿಡಿ. ತೆಗೆಯೋದು ಮಕ್ಕಳ ಕಣ್ಣಿಗೆ ಬೀಳಬಾರದು. ಒಂದು ಕೋಣೆ ಮೊದಲೇ ಖಾಲಿ ಮಾಡಿಸಿಕೊಳ್ಳಿ. ಆಮೇಲೆ ತಲೆಯನ್ನು ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಸ್ಪಾಂಜ್ ಪುಡಿಯಾಗುತ್ತದೆ. ಮೈಯನ್ನು ಒಗೆಯುವಾಗ ಬೇರೆ ಬಟ್ಟೆ ಜೊತೆ ಹಾಕಬೇಡಿ, ಜೀನ್ಸ್ ಬಣ್ಣ ಬಿಡುತ್ತದೆ.

ಈಗ ಅದಕ್ಕೆ ಬೇಡಿಕೆ ಶುರುವಾಗಿದೆ. ಹುಟ್ಟುಹಬ್ಬಕ್ಕೆ ಕೇಳುತ್ತಾರೆ, ಕೊಡುತ್ತೇವೆ. ಏಪ್ರಿಲ್‌ನಲ್ಲಿ ಅಂಗಡಿ ಓಪನಿಂಗ್ ಇದೆ, ಬೆಳಿಗ್ಗೆಯಿಂದ ಸಂಜೆವರೆಗೆ ಬಾಗಿಲಲ್ಲಿ ನಿಲ್ಲಿಸಬೇಕು ಅಂತ ಒಬ್ಬರು ಬಂದರು. ಒಳ್ಳೆ ದುಡ್ಡು ಹೇಳಿದರು. ಆಗಲ್ಲ ಅಂದೆ. ಬೇಕಿದ್ದರೆ ಡಿಸೆಂಬರಿನಲ್ಲಿ ಇಟ್ಟುಕೊಳ್ಳಿ, ಸಂಜೆ ಹೊತ್ತು, ನೆರಳಿರುವ ಕಡೆ, ಕಾಲು ಗಂಟೆ.