ಗೊಬ್ಬರ ಕೊಡದೆ ಬೆಳೆಸಿದ ನೇರಳೆ ಹುಲ್ಲು

ಅಂದಕ್ಕೆ ಬೆಳೆಸುವ ನೇರಳೆ ಫೌಂಟನ್ ಹುಲ್ಲು ಮೈಸೂರಿನ ಕೆಂಪು ಮಣ್ಣಿನಲ್ಲಿ ಎರಡನೇ ಮಳೆಗಾಲ ದಾಟುವುದಿಲ್ಲ ಅಂತ ನಾನು ಕೇಳಿದವರೆಲ್ಲ ಹೇಳಿದ್ದರು. ನಮ್ಮ ಮನೆ ಮುಂದಿನ ಇಳಿಜಾರಿನಲ್ಲಿ ಅದು ನಾಲ್ಕೈದು ಮಳೆಗಾಲ ದಾಟಿ ಸೊಂಟದೆತ್ತರ ನಿಂತಿದೆ. ಹೇಗೆ ಅಂತ ಈಗ ಅವರೇ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅಲ್ಲಿ ಲಾನ್ ಇತ್ತು. ಬೇಸಿಗೆಯಲ್ಲಿ ವಾರಕ್ಕೊಂದು ಟ್ಯಾಂಕರ್, ಒಂದಕ್ಕೆ ಏಳುನೂರು ರೂಪಾಯಿ ಆಸುಪಾಸು. ಅದನ್ನು ಕಿತ್ತು, ನರ್ಸರಿಯಿಂದ ಎಪ್ಪತ್ತು ರೂಪಾಯಿಯಂತೆ ಈ ಹುಲ್ಲಿನ ನಲವತ್ತು ಚಿಲ್ಲರೆ ಕವರ್ ಸಸಿ ತಂದೆ. ನರ್ಸರಿಯವರು ಹೇಳಿದ ಹಾಗೇ ಗುಂಡಿ, ಕೊಟ್ಟಿಗೆ ಗೊಬ್ಬರ, ಮೇಲೆ ಒಂದು ಚಮಚ ಡಿಎಪಿ ರಾಸಾಯನಿಕ ಗೊಬ್ಬರ. ಆಗಸ್ಟ್ ಹೊತ್ತಿಗೆ ಅರ್ಧಕ್ಕರ್ಧ ಹೋಯಿತು. ಉಳಿದವು ಗೊಬ್ಬರ ತಿಂದು ಎಲೆ ಉದ್ದ ಬಿಟ್ಟು ನೆಲಕ್ಕೆ ಒರಗಿದವು. ಸತ್ತ ಗಿಡ ಕಿತ್ತು ನೋಡಿದರೆ ಬೇರು ನರ್ಸರಿಯ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉಂಡೆ ಬಿಟ್ಟು ಆಚೆ ಹೋಗಿರಲೇ ಇಲ್ಲ. ಸುತ್ತ ಜಿಗುಟು ಮಣ್ಣು, ನಡುವೆ ನೀರು ಹಿಡಿದ ಉಂಡೆ, ಬುಡ ಕೊಳೆಯದೆ ಇನ್ನೇನಾಗುತ್ತೆ?

ಮುಂದಿನ ಸಲ ಕೋಕೋಪೀಟ್ ಪೂರ್ತಿ ತೊಳೆದು, ಬರೀ ಬೇರಿನಲ್ಲಿ ನೆಟ್ಟೆ. ಗುಂಡಿಯಲ್ಲಲ್ಲ, ಒಂದು ಗೇಣು ಎತ್ತರದ ಗರಸಿನ ದಿಬ್ಬದ ಮೇಲೆ. ಬುಡ ಮಣ್ಣಿನಿಂದ ಸ್ವಲ್ಪ ಮೇಲೇ ಇರಬೇಕು. ಗೊಬ್ಬರ ಒಂದು ಹಿಡಿಯೂ ಇಲ್ಲ. "ಗರಸಲ್ಲಿ ಕಳೆ ಬಿಟ್ಟು ಏನ್ ಬೆಳೆಯುತ್ತೆ ಮೇಡಂ?" ಅಂದ ಮಾಲಿ. ಇಡೀ ದಿನ ಬಿಸಿಲು ಬೀಳೋ ಜಾಗ ಅದು. ನೆರಳಿದ್ದರೆ ನೇರಳೆ ಬಣ್ಣ ಹೋಗಿ ಹಸಿರಾಗುತ್ತೆ.

ಶಿವರಾತ್ರಿ ಸುಮಾರಿಗೆ ಕತ್ತರಿಸುತ್ತೇನೆ. ಪೊದೆಯನ್ನು ನಡುಮಟ್ಟದಲ್ಲಿ ಹಗ್ಗದಿಂದ ಬಿಗಿದು, ನೆಲದಿಂದ ಒಂದು ಮುಷ್ಟಿ ಬಿಟ್ಟು ಕುಡುಗೋಲು ಹಾಕಿದರೆ ಇಡೀ ಕಂತೆ ಕೈಗೆ ಬರುತ್ತದೆ, ಒಂದು ಎಲೆ ಚೆಲ್ಲುವುದಿಲ್ಲ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ಎಲೆಯ ಅಂಚು ಕುಯ್ಯುತ್ತೆ. ಆಮೇಲೆ ಎರಡು ಮೂರು ವಾರ ಬರೀ ಒಣ ಕೂಳೆ. ಪಕ್ಕದ ಮನೆ ಅಜ್ಜಿ, "ಏನಮ್ಮಾ, ದುಡ್ಡು ಕೊಟ್ಟು ತಂದಿದ್ದನ್ನ ಸಾಯಿಸಿಬಿಟ್ಯಲ್ಲಾ" ಅಂದರು. ನಾನು ವಾರಕ್ಕೊಮ್ಮೆ ಎರಡು ಚೊಂಬು ನೀರು ಬಿಟ್ಟು ಬೇರೇನೂ ಕೊಡಲಿಲ್ಲ. ಯುಗಾದಿ ಹೊತ್ತಿಗೆ ಕೂಳೆಯ ಸುತ್ತ ಕೆಂಪು ಮೊಳಕೆ ಒತ್ತಾಗಿ ಬಂದಿತ್ತು.

ಭರಣಿ ಮಳೆ ಬಿದ್ದ ಮೇಲೆ ಪೊದೆ ಒಡೆಯುವುದು. ಮೂರನೇ ವರ್ಷದ ಪೊದೆಯ ನಡುಭಾಗ ಬೂದು ಬಣ್ಣಕ್ಕೆ ತಿರುಗಿ ಸತ್ತಿರುತ್ತದೆ, ಅದನ್ನು ಬಿಸಾಡಿ. ಜೀವ ಇರೋದು ಹೊರಗಿನ ಸುತ್ತಿನಲ್ಲಿ. ಹಾರೆಯಿಂದ ಎಬ್ಬಿಸಿ ಮಚ್ಚಿನಲ್ಲಿ ಸೀಳಿ, ಒಂದೊಂದು ತುಂಡಿಗೆ ಮೂರು ನಾಲ್ಕು ತೆಂಡೆ (ಬುಡದಿಂದ ಒಡೆದ ಕುಡಿ) ಬಿಡುತ್ತೇನೆ. ರಾತ್ರಿಯಿಡೀ ಬಕೆಟ್ಟಿನಲ್ಲಿ ಬೇರು ನೆನೆಸಿಡುತ್ತೇನೆ. ಆ ನೀರಿಗೆ ಏನು ಬೆರೆಸುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅಡುಗೆಮನೆಯದ್ದೇ, ಖರ್ಚಿಲ್ಲ. ಹತ್ತರಲ್ಲಿ ಎಂಟು ಒಂಬತ್ತು ಹಿಡಿಯುತ್ತವೆ. ಒಳ್ಳೆ ಪೊದೆಗೆ ಹದಿನೈದು ತುಂಡು ಸಿಗುತ್ತದೆ. ತುಂಡಿಗೆ ಮೂವತ್ತು ರೂಪಾಯಿಯಂತೆ ಮಾರಿ, ಮೊದಲ ವರ್ಷ ಕಳೆದ ದುಡ್ಡೆಲ್ಲ ವಾಪಸ್ ಬಂದಿದೆ.

ಇಳಿಜಾರಿನ ಕೆಳಗೆ ಮಣ್ಣು ಕೊಚ್ಚಿ ಹೋಗುತ್ತಿತ್ತು. ಗುಂಡ್ಲುಪೇಟೆ ಕಡೆ ರೈತರು ನೂರು ವರ್ಷಕ್ಕೂ ಹಿಂದಿನಿಂದ ಹೊಲದ ಬದುವಿಗೆ ಲಾವಂಚ ಹಾಕಿಕೊಂಡು ಬಂದಿದ್ದಾರೆ, ಅಲ್ಲಿಂದ ಒಂದು ಚೀಲ ತರಿಸಿದೆ. ಅರ್ಧ ಗೇಣಿಗೊಂದರಂತೆ ಸಾಲಾಗಿ ನೆಟ್ಟರೆ ಎರಡು ಮಳೆಗಾಲದಲ್ಲಿ ಗೋಡೆ ಹಾಗೆ ನಿಂತಿತು. ಅದರ ಒಂದು ತುದಿಗೆ ಬೆಂಕಿ ಕೊಟ್ಟೂ ನೋಡಿದೆ, ಮತ್ತೆ ಚಿಗುರಿತು. ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್) ಮಾತ್ರ ಅಂದಕ್ಕೆ ಆಗಲಿಲ್ಲ. ಬೇಸಿಗೆಯಲ್ಲಿ ಎಲೆ ತುದಿ ಸುಟ್ಟ ಹಾಗೆ ಕಾಣುತ್ತದೆ, ಟೀಗೆ ಇರಲಿ ಅಂತ ಹಿತ್ತಲಿಗೆ ಸಾಗಿಸಿದೆ.

ಫೌಂಟನ್ ಹುಲ್ಲು ಕೊಳ್ಳುವಾಗ ರೂಬ್ರಮ್ ಅನ್ನೋ ನೇರಳೆ ತಳಿಯನ್ನೇ ಕೇಳಿ. ಅದು ಮೊಳೆಯುವಂಥ ಬೀಜ ಕಟ್ಟುವುದು ತೀರಾ ಅಪರೂಪ. ಹಸಿರು ಫೌಂಟನ್ ಹುಲ್ಲಿನ ಬೀಜ ಗಾಳಿಗೆ ಹಾರಿ ಸಿಕ್ಕಲ್ಲೆಲ್ಲ ಹುಟ್ಟುತ್ತದೆ. ಹವಾಯಿಯಲ್ಲಿ ಲಾವಾ ಬಂಡೆಗಳನ್ನೂ ಬಿಡದೆ ಹಬ್ಬಿದೆ. ನಮ್ಮ ಬೆಟ್ಟಗಳಿಗೆ ಅದು ಬೇಡವೇ ಬೇಡ.

ನೇರಳೆ ಹುಲ್ಲಿನ ತೆನೆ ಪೂರ್ತಿ ಬಿಚ್ಚುವ ಮುಂಚೆ ಕೊಯ್ದು ತಲೆಕೆಳಗಾಗಿ ನೇತುಹಾಕಿದರೆ ಹೂದಾನಿಯಲ್ಲಿ ತಿಂಗಳುಗಟ್ಟಲೆ ಉದುರದೆ ಇರುತ್ತದೆ. ಕಳೆದ ವರ್ಷ ಮದುವೆ ಅಲಂಕಾರದವರೊಬ್ಬರು ಕಟ್ಟಿಗೆ ನೂರು ರೂಪಾಯಿ ಕೊಟ್ಟು ಒಯ್ದರು. ಈ ಸಲ ಅವರಿಗಾಗಿಯೇ ಎರಡು ಸಾಲು ಜಾಸ್ತಿ ಹಾಕಿದ್ದೇನೆ.